ತುಂಗಭದ್ರೆಯ ವಿದ್ಯುತ್ತೂ ದಿಬ್ಬದ ತಾಲ್ಲೂಕುಗಳೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕೆರೆಗಳಿಗೆ ತುಂಗಭದ್ರೆಯ ನೀರನ್ನು ತುಂಬಿಸಬೇಕೆಂಬ ಮಾತು ಎದ್ದಾಗಲೆಲ್ಲ, ಅಷ್ಟು ಎತ್ತರಕ್ಕೆ ನೀರೆತ್ತುವ ಕರೆಂಟಿನ ವೆಚ್ಚವನ್ನು ಭರಿಸುವವರಾರು ಎಂಬ ಆಕ್ಷೇಪವು ಅದರ ಬೆನ್ನಿಗೇ ಹೊರಡುತ್ತದೆ. ಅದೇ ನದಿ ಹುಟ್ಟಿಸುವ ವಿದ್ಯುತ್ತು ಯಾರ ಪಾಲಾಗುತ್ತಿದೆಯೆಂದು ಮಾತ್ರ ಆಕ್ಷೇಪಕರು ವಿಚಾರಿಸಿದ್ದನ್ನು ನಾನು ಕಾಣೆ.

ಜಲವಿದ್ಯುತ್ತಿನ ವಿಷಯದಲ್ಲಿ ಈ ನದಿಯಿಂದ ಶರಾವತಿಯ ವೈಭವವನ್ನು ಅಪೇಕ್ಷಿಸುವುದು ಅವಿವೇಕ. ಅಲ್ಲಿ ಘಟ್ಟದ ಇಳಿಜಾರು 1,035 ಮೆಗಾವಾಟಿನ ಕೇಂದ್ರವೊಂದನ್ನೇ ನಡೆಸುತ್ತದೆ. ಇಲ್ಲಿಯೋ, ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ ಹರಿದ ನದಿಯು ಮೈಲಾರದ ಮಗ್ಗುಲಿಗೆ ಬರುವಷ್ಟರಲ್ಲಿ ತನ್ನ ರಭಸವನ್ನೆಲ್ಲ ಮಲೆನಾಡಿನಲ್ಲೇ ಕಳೆದುಕೊಂಡಿರುತ್ತದೆ. ಹೊಳೆಯಿಂದ ದಕ್ಷಿಣಕ್ಕೆ ಸರಿದಂತೆ ನೆಲವು ಏರುತ್ತ ಹೋಗುವುದರಿಂದ ಈ ಸೀಮೆಗೆ ನೀರು ತಾನಾಗಿ ಬಾರದು. ಸಾಲದೆಂಬಂತೆ ಇಲ್ಲಿ ಬಿದ್ದ ಅಲ್ಪಸ್ವಲ್ಪ ಮಳೆಯನ್ನೂ ಚಿಕ್ಕಹಗರಿಯು ಬಳಿದು ಹೊಳೆಗೇ ಒಪ್ಪಿಸುತ್ತದೆ.

1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟಿಗಾಗಿ ನಾರಾಯಣದೇವರ ಕೆರೆಯೆಂಬ ಊರು ಮುಳುಗಿ ಅಲ್ಲಿಯವರು ಮರಿಯಮ್ಮನಹಳ್ಳಿಗೆ ಬಂದರು. ಹಡಗಲಿ, ಹಗರಿಬೊಮ್ಮನಹಳ್ಳಿ ಸೀಮೆಯ ಅನೇಕ ಊರುಗಳೂ ಹಿನ್ನೀರಿನ ಪಾಲಾದುವು. ಕಾಲುವೆಗಳಾದರೋ ಗಂಗಾವತಿ, ಸಿಂಧನೂರು, ಸಿರುಗುಪ್ಪಗಳ ಕಡೆಗೂ ಆಂಧ್ರಕ್ಕೂ ಇಳಿದುವು. ಅಣೆಕಟ್ಟಿನ ಬುಡದಲ್ಲೂ ಹಂಪಿಯಲ್ಲೂ ಇರುವ ಬಲದಂಡೆಯ ಕೇಂದ್ರಗಳ 72 ಮೆಗಾವಾಟಿನ ಉತ್ಪಾದನೆಯಲ್ಲಿ ಐದರಲ್ಲಿ ನಾಲ್ಕು ಪಾಲು ಆಂಧ್ರದ್ದು, ಒಂದು ಪಾಲು ನಮ್ಮದು. ಎಡದಂಡೆಯ ಮುನಿರಾಬಾದಿನ 28 ಮೆಗಾವಾಟು ಮಾತ್ರ ಪೂರ್ತಿಯಾಗಿ ಕರ್ನಾಟಕದ ಸ್ವತ್ತು.

ಇಪ್ಪತ್ತೆಂಟು ಮೆಗಾವಾಟು ಅಲ್ಪವೆಂದು ನಗುವವರು ಲೆಕ್ಕ ಹಾಕಿ ನೋಡಲಿ. ಒಂದು ಟಿಎಂಸಿ ನೀರನ್ನು ನೂರು ಮೀಟರ್ ಎತ್ತರಿಸಲು, ಪಂಪಿನ ನಷ್ಟವೂ ಸೇರಿ, ಸುಮಾರು ಒಂದು ಕೋಟಿ ಹತ್ತು ಲಕ್ಷ ಯೂನಿಟ್ ಬೇಕು. ಪೂರ್ಣಶಕ್ತಿಯಿಂದ ನಡೆದ ಮುನಿರಾಬಾದಿಗೆ ಅದು ಹದಿನಾರು ಹದಿನೇಳು ದಿನಗಳ ದುಡಿಮೆ. ಕಾಲುವೆಗೆ ನೀರು ಬಿಟ್ಟಾಗಲೇ ಅಲ್ಲಿ ಯಂತ್ರ ತಿರುಗುವುದೆಂಬ ಮಾತು ನಿಜ. ಆದರೆ ಕೆರೆಗಳನ್ನು ತುಂಬಿಸತಕ್ಕ ಕಾಲವೂ ಅದೇ ಅಲ್ಲವೆ? ಶ್ರಾವಣದ ಪ್ರವಾಹದಲ್ಲಿ ಯಂತ್ರವೂ ತಿರುಗುತ್ತದೆ, ಗೇಟುಗಳನ್ನು ದಾಟಿ ನೀರೂ ಹೋಗುತ್ತದೆ. 2024ರ ಆಗಸ್ಟ್ 10ರಂದು 19ನೆಯ ಗೇಟಿನ ಸರಪಳಿ ಕಡಿದು ಹತ್ತಾರು ಟಿಎಂಸಿ ನೀರು ಹರಿದುಹೋದಾಗ ನಾಡೆಲ್ಲ ಮರುಗಿತು, ಸರಿಯೇ. ಆದರೆ ಹೂಳಿನಿಂದ 133 ಟಿಎಂಸಿಯ ಜಲಾಶಯವು 105ರ ಆಸುಪಾಸಿಗೆ ಕುಗ್ಗಿದುದರಿಂದ, ಸರಪಳಿ ಗಟ್ಟಿಯಾಗಿದ್ದ ವರ್ಷಗಳಲ್ಲೂ ನಿಲ್ಲಲೆಡೆಯಿಲ್ಲದೆ ಹೋಗುವ ನೀರಿಗೆ ಮರುಗುವವರಿಲ್ಲ.

ನೀರೆತ್ತಿದರೆ ಏನಾದೀತೆಂಬುದಕ್ಕೆ ಹಗರಿಬೊಮ್ಮನಹಳ್ಳಿಯ ಅಂಕಸಮುದ್ರದ ಕೆರೆಯೇ ಸಾಕ್ಷಿ. ಹೊಳೆಯ ನೀರು ಏರಿ ಬಂದ ಮೇಲೆ ಆ ಕೆರೆಯ ನಡುವಣ ಜಾಲಿಮರಗಳು ಕೊಕ್ಕರೆಗಳ ಗೂಡುಗಳಿಂದ ತುಂಬಿ, 2024ರಲ್ಲಿ ಅದು ರಾಮ್‌ಸಾರ್ ತಾಣವೆಂದು ಅಂತರರಾಷ್ಟ್ರೀಯ ಮನ್ನಣೆಯನ್ನೂ ಪಡೆಯಿತು. ಹಕ್ಕಿಗಳಿಗಾಗಿ ಎತ್ತಿದ ನೀರಲ್ಲವದು. ದಂಡೆಯ ಬಾವಿಗಳಿಗೂ ಅದೇ ಆಸರೆ.

ಕೆಳಭಾಗದ ರೈತರ ಹನಿಯನ್ನೂ ಕಸಿಯಬೇಕೆಂದು ನಾನು ಹೇಳುತ್ತಿಲ್ಲ. ನಾನು ಕೇಳುತ್ತಿರುವುದು ಪ್ರವಾಹದ ದಿನಗಳ ಮಿಗುತಾಯ ನೀರನ್ನು, ಮತ್ತು ಅದನ್ನೆತ್ತಲು ಆ ನೀರೇ ಹುಟ್ಟಿಸುವ ವಿದ್ಯುತ್ತನ್ನು. ಮುನಿರಾಬಾದಿನ ಉತ್ಪಾದನೆಯಲ್ಲಿ ಮೊದಲ ಪಾಲನ್ನು ಈ ಐದು ತಾಲ್ಲೂಕುಗಳ ಪಂಪ್‌ಹೌಸುಗಳಿಗೆ ಮೀಸಲಿಡುವ ಆಜ್ಞೆಯನ್ನು ಸರ್ಕಾರವು ಮುಂದಿನ ಮುಂಗಾರಿಗೆ ಮೊದಲೇ ಹೊರಡಿಸತಕ್ಕದ್ದು.