ಗಸಿ ಎತ್ತುವವರಿಗೂ ಟೆಂಡರಿನಲ್ಲಿ ಜಾಗ ಇರಲಿ

ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ಕರ್ನಾಟಕ ನಿಷೇಧ ಹೇರಿದ್ದು 1970ರ ದಶಕದಲ್ಲಿ. ಆಗ ಮುಖ್ಯಮಂತ್ರಿ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು. ಹಟ ಹಿಡಿದು ಅದನ್ನು ಜಾರಿಗೆ ತಂದವರು ಅವರ ಸಂಪುಟದ ಬಿ. ಬಸವಲಿಂಗಪ್ಪ. ಅದೇ ಕೆಲಸದ ಕೊನೆಯ ತುಂಡೊಂದು ಕೊಳಚೆ ನೀರು ಶುದ್ಧೀಕರಣ ಘಟಕಗಳ ಹಿತ್ತಿಲಲ್ಲಿ ಇನ್ನೂ ಉಳಿದಿದೆ.

ಘಟಕದಿಂದ ನೀರು ತಿಳಿಯಾಗಿ ಹೊರಬಿದ್ದ ಮೇಲೆ ಗಸಿ ಉಳಿಯುತ್ತದೆ. ಅದನ್ನು ಜಲ್ಲಿ, ಮರಳು ಹಾಸಿದ ಪಾತಿಗಳ ಮೇಲೆ ಸುಮಾರು ಗೇಣು ದಪ್ಪಕ್ಕೆ ಹರಡುತ್ತಾರೆ. ಒಂದಷ್ಟು ನೀರು ಅಡಿಯ ಕೊಳವೆಗೆ ಬಸಿಯುತ್ತದೆ, ಮಿಕ್ಕದ್ದು ಬಿಸಿಲಿಗೆ ಆರುತ್ತದೆ. ಬೇಸಿಗೆಯಲ್ಲಿ ಒಂದೆರಡು ವಾರಕ್ಕೆ ಗಸಿ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಎಷ್ಟು ಕಾದರೂ ಅಂಟಂಟು. ಜೆಸಿಬಿ ಇಳಿಸಿದರೆ ಮರಳು ಕದಡಿ, ಕೊಳವೆ ಒಡೆಯುತ್ತದೆ. ಹಾಗಾಗಿ ಸಲಿಕೆ, ಬಾಂಡಲಿ ಹಿಡಿದ ಕೂಲಿಯವರೇ ಇಳಿಯಬೇಕು.

ಒಣಗಿದ ಮಾತ್ರಕ್ಕೆ ಗಸಿ ನಿರಪಾಯಕಾರಿಯಲ್ಲ. ಜಂತುಹುಳುವಿನ ಮೊಟ್ಟೆಗಳು ಅದರಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಕೆರೆದಾಗ ಏಳುವ ದೂಳು ಮೂಗು, ಬಾಯಿಗೆ ಹೋಗುತ್ತದೆ.

ರಕ್ಷಣಾ ಸಾಧನ ಕೊಡದೆ ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಜನರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕೇಂದ್ರ ಕಾಯ್ದೆಯ ಪ್ರಕಾರ ಅಪರಾಧ. ಅಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು. ನ್ಯಾಯವೇ. ಆದರೆ ಕಾನೂನಿನ ಕಣ್ಣು ನೆಟ್ಟಿರುವುದು ಮ್ಯಾನ್‌ಹೋಲ್ ಮೇಲೆ. ಬಯಲಿನ ಪಾತಿಯಲ್ಲಿ ಯಾರೂ ಉಸಿರುಗಟ್ಟಿ ಬೀಳುವುದಿಲ್ಲ. ಹೊಟ್ಟೆ, ಚರ್ಮ, ಎದೆಯ ಕಾಯಿಲೆ ನಿಧಾನಕ್ಕೆ ಬರುತ್ತದೆ, ಸುದ್ದಿಯೂ ಆಗುವುದಿಲ್ಲ.

ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಮಲಗಸಿ ಸಂಸ್ಕರಣಾ ಘಟಕ ದೇಶಕ್ಕೇ ಮಾದರಿ ಎನಿಸಿತು. ಅಲ್ಲಿ ಒಣಗಿದ ಗಸಿಯನ್ನು ಊರಿನ ಹಸಿಕಸದ ಜೊತೆ ಕೊಳೆಸಿ ಗೊಬ್ಬರ ಮಾಡುತ್ತಾರೆ. ರಾಶಿಯ ಕಾವಿಗೆ ಮೊಟ್ಟೆಗಳು ಸಾಯುವುದರಿಂದ ರೈತ ಬಚಾವಾಗುತ್ತಾನೆ. ಗಸಿ ಎತ್ತುವ ಕೆಲಸ ನಡೆಯುವುದು ಕಾವು ಏಳುವ ಮೊದಲು. ಆ ಕಾವು ಎತ್ತುವವರನ್ನು ಕಾಯುವುದಿಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಮಲಿನ ನದಿಗಳ ಪಟ್ಟಿಯಲ್ಲಿ ಹುಣಸೂರಿನ ಲಕ್ಷ್ಮಣತೀರ್ಥವೂ ಇದೆ. ಈ ಭಾಗದ ನದಿಗಳು ಉಳಿಯಬೇಕಾದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಕೊಳಚೆ ಶುದ್ಧವಾಗಲೇಬೇಕು. ಶುದ್ಧವಾದಷ್ಟೂ ಗಸಿ ಹೆಚ್ಚುತ್ತದೆ. ಪಾತಿಗೆ ಮಳೆ ತಡೆಯುವ ಚಾವಣಿ, ಕೈಗಾಡಿ ಓಡಾಡಲು ಕಾಂಕ್ರೀಟ್ ಪಟ್ಟಿ, ಬೂಟು, ಕೈಗವಸು, ಮಾಸ್ಕ್, ಸ್ನಾನದ ಮನೆ, ಆರು ತಿಂಗಳಿಗೊಮ್ಮೆ ಜಂತುಹುಳು ಮಾತ್ರೆ: ಇವ್ಯಾವುವೂ ದುಬಾರಿಯಲ್ಲ. ಪಂಪು, ಮೋಟಾರುಗಳ ಪಟ್ಟಿಯಲ್ಲೇ ಇವನ್ನೂ ಸೇರಿಸಿ, ಕೊಡದ ಗುತ್ತಿಗೆದಾರನ ಬಿಲ್ಲು ತಡೆಯುವ ಷರತ್ತನ್ನು ಪುರಸಭೆ, ನಗರಸಭೆಗಳು ಟೆಂಡರಿನಲ್ಲೇ ಬರೆಯಬೇಕು.