ಯಂತ್ರವಿಲ್ಲದ ಊರಿಗೆ ಗಾಳಿಯೂ ಇಲ್ಲವೇ?

ಸಂತೆಗುಳಿ ಸೀಮೆಯ ಬಂಧುಗಳೇ, ಅಕ್ಕತಂಗಿಯರೇ,

ಮೊನ್ನೆಯ ಗ್ರಾಮಸಭೆಯ ಮಾತು ನಿಮ್ಮ ಕಿವಿಗೂ ಬಿದ್ದಿದೆ. ಅಲಸಂದೆ ಎಲೆ ಚುಕ್ಕೆ ಬಿದ್ದು ಉದುರುತ್ತಿದೆ, ಗಾಳಿ ಪರೀಕ್ಷೆ ಮಾಡಿಸಿ ಎಂದು ಕೇಳಿದ್ದಕ್ಕೆ ಸಾಹೇಬರೊಬ್ಬರು, "ಇಲ್ಲಿ ಅಳೆಯುವ ಯಂತ್ರವೇ ಇಲ್ಲ, ಮಾಲಿನ್ಯದ ಪ್ರಶ್ನೆ ಎಲ್ಲಿಂದ ಬಂತು?" ಎಂದರು. ತಕ್ಕಡಿ ಇಲ್ಲದ ಮನೆಯಲ್ಲಿ ಅಕ್ಕಿಗೆ ತೂಕವೇ ಇಲ್ಲ ಅಂದ ಹಾಗಾಯಿತು!

ಆ ಚುಕ್ಕೆಗೆ ನಮ್ಮ ಅನುಮಾನ ನೆಲಮಟ್ಟದ ಓಝೋನ್ ಮೇಲೆ. ಅದು ಯಾವ ಕೊಳವೆಯಿಂದಲೂ ನೇರ ಹೊರಬೀಳುವುದಿಲ್ಲ. ವಾಹನಗಳ ಹೊಗೆ, ಪೆಟ್ರೋಲಿನ ಆವಿ ಬಿಸಿಲಲ್ಲಿ ಬೆಂದು ಹುಟ್ಟುತ್ತದೆ. ಪೇಟೆಯ ಹಸಿ ಹೊಗೆ ಅದನ್ನು ಅಲ್ಲಲ್ಲೇ ತಿಂದುಹಾಕುತ್ತದೆ. ಗಾಳಿ ಹಿಡಿದು ದೂರ ಹೋದದ್ದು ಉಳಿಯುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ ದಾಟುವ ಹೆದ್ದಾರಿ 66ರ ಹೊಗೆಯನ್ನು ಹಗಲಿನ ಕಡಲಗಾಳಿ ಎತ್ತ ನೂಕುತ್ತದೆ? ಘಟ್ಟದತ್ತ, ನಮ್ಮತ್ತ. ಓಝೋನಿನ ಎಂಟು ಗಂಟೆಯ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ ದಾಟಬಾರದೆಂದು 2009ರಲ್ಲೇ ಕೇಂದ್ರ ನಿಗದಿ ಮಾಡಿದೆ. ಅಳೆಯದ ಊರಿನಲ್ಲಿ ದಾಟಿತೋ ಇಲ್ಲವೋ ಹೇಳುವವರು ಯಾರು?

ಹೇಳುತ್ತದೆ, ಗಿಡ. 1940ರ ದಶಕದಲ್ಲಿ ಲಾಸ್ ಏಂಜಲೀಸಿನ ವಿಷಗಾಳಿಯ ಗುರುತು ಸೊಪ್ಪಿನ ಹೊಲಗಳಲ್ಲೇ ಕಂಡಿತು. ಆಮೇಲೆ 'ಬೆಲ್ ಡಬ್ಲ್ಯು-3' ಎಂಬ ಹೊಗೆಸೊಪ್ಪಿನ ತಳಿಯನ್ನು ಓಝೋನ್ ಕಾವಲಿಗೇ ನಾನಾ ದೇಶಗಳಲ್ಲಿ ನೆಟ್ಟರು. ಎಲೆಯ ಉಸಿರುರಂಧ್ರದಿಂದ ಒಳನುಗ್ಗಿದ ಓಝೋನ್ ಮೇಲ್ಮೈಯಡಿಯ ಜೀವಕೋಶಗಳನ್ನು ಸುಡುತ್ತದೆ. ನರ ಹಸಿರಾಗಿಯೇ ಇದ್ದು ನಡುವೆ ಬಿಳಿ, ಕಂದು ಚುಕ್ಕೆ ಏಳುತ್ತವೆ, ಅದೂ ಮೊದಲು ಬಲಿತ ಎಲೆಯಲ್ಲಿ. ಈ ಕಾವಲು ಗಿಡದ ಪಕ್ಕದಲ್ಲೇ ಓಝೋನ್ ತಾಳಿಕೊಳ್ಳುವ ತಳಿಯೊಂದನ್ನು ನೆಟ್ಟು ವಾರವಾರ ಹೋಲಿಸುತ್ತಾರೆ. ಅಲಸಂದೆಗೂ ಈರುಳ್ಳಿಗೂ ಈ ಗಾಳಿ ಆಗದು. ಕುಮಟಾದ ಸಿಹಿ ಈರುಳ್ಳಿಯ ಹೆಸರು ಹೇಳಿ ಮೀಸೆ ತಿರುವುವವರು ಅದರ ಎಲೆತುದಿಯನ್ನೂ ಒಮ್ಮೆ ನೋಡಲಿ!

"ಗಿಡದ ಮಾತು ಕೇಳುವುದೇ?" ಎಂದು ನಗುವ ಬುದ್ಧಿವಂತರೇ, ಕವಳಕ್ಕೆ ಹೊಗೆಸೊಪ್ಪು ಬೇಕು, ಸಾಕ್ಷಿಗೆ ಬೇಡವೇ? ಔಷಧದ ಅಂಗಡಿಯವರಿಗಂತೂ ಎಲ್ಲ ಚುಕ್ಕೆಯೂ ರೋಗ, ಎಲ್ಲ ರೋಗಕ್ಕೂ ಒಂದು ಬಾಟ್ಲಿ. ಅಘನಾಶಿನಿ ದಂಡೆಯಲ್ಲಿ ಫೋಟೊ ತೆಗೆಸಿಕೊಳ್ಳುವ ಪರಿಸರಪ್ರೇಮಿಗಳಿಗೆ ಸಂತೆಗುಳಿಯ ದಾರಿ ಯಾಕೋ ಸಿಕ್ಕಿಲ್ಲ. ಇವರಿಗಿಂತ ಆ ಸಾಹೇಬರೇ ವಾಸಿ, ಎದುರಿಗೇ ಹೇಳಿದರು.

ನಮ್ಮ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಹೇಗೆಂಬುದನ್ನು ಸಂಬಳ ತಿನ್ನುವವರು ಯೋಚಿಸಲಿ. ಜೂನ್ ಮಳೆ ಹಿಡಿದರೆ ಓಝೋನೂ ಇಳಿಯುತ್ತದೆ, "ಎಲ್ಲಿದೆ ತೋರಿಸಿ" ಎನ್ನುತ್ತಾರೆ. ಅದರೊಳಗೆ ಚುಕ್ಕೆ ಬಿದ್ದ ಎಲೆ ಕಿತ್ತು, ಹಳೇ ಪೇಪರಿನ ನಡುವೆ ಒತ್ತಿ, ತಾರೀಕು, ಕೇರಿಯ ಹೆಸರು ಬರೆದು ಮುಂದಿನ ಗ್ರಾಮಸಭೆಗೆ ತನ್ನಿ. ಮೇಜಿನ ಮೇಲೆ ಸುರಿಯೋಣ.

– ಸಂತೆಗುಳಿಯ ನೊಂದ ಬೆಳೆಗಾರರು