ಶುಶ್ರೂಷೆಯ ವಿದ್ಯೆಯೂ ವಿದ್ಯೆಯೇ

ಪ್ರತಿ ವರುಷ ಪರೀಕ್ಷೆಯ ಫಲಗಳು ಪ್ರಕಟವಾದ ಕೂಡಲೆ ನಮ್ಮ ಹಳೆಯ ವಿದ್ಯಾರ್ಥಿನಿಯರು ತಾಯಿತಂದೆಗಳೊಡನೆ ನಮ್ಮ ಬಳಿಗೆ ಬರುವದುಂಟು. ಹುಡುಗಿಯು ಮುಂದೆ ಏನು ಕಲಿಯಬೇಕೆಂದು ಕೇಳುವರು. ವೈದ್ಯವಿದ್ಯೆಯ ಹೆಸರು ಹೇಳಿದರೆ ಎಲ್ಲರ ಮುಖಗಳೂ ಅರಳುವವು. ಶುಶ್ರೂಷೆಯ, ಎಂದರೆ ನರ್ಸಿಂಗ್ ವಿದ್ಯೆಯ ಮಾತೆತ್ತಿದರೆ ತಾಯಿಯು ನೆಲವನ್ನು ನೋಡುವಳು. ತಂದೆಯು ಮಾತನ್ನು ಬೇರೆಡೆಗೆ ತಿರುಗಿಸುವನು. ಈ ಮೌನವು ನಮ್ಮ ಮನಸ್ಸಿಗೆ ನೋವನ್ನುಂಟುಮಾಡಿದೆ. ಆದುದರಿಂದ ಆ ವಿಷಯವಾಗಿಯೇ ನಾಲ್ಕು ಮಾತುಗಳನ್ನು ಇಲ್ಲಿ ಬರೆಯಲು ಇಚ್ಛಿಸಿದ್ದೇವೆ.

ವಿದ್ಯೆಯು ಸಮೀಪದಲ್ಲಿ ದೊರೆಯುವದಿಲ್ಲವೆಂದು ಈಗ ಯಾರೂ ಹೇಳುವಂತಿಲ್ಲ. ಒಂದು ಕಾಲಕ್ಕೆ ಈ ಭಾಗದ ರೋಗಿಗಳು ದೊಡ್ಡ ಚಿಕಿತ್ಸೆಗಾಗಿ, ಡಾಕ್ಟರ ವಾನ್ಲೆಸ್‌ರವರು 1894ರಲ್ಲಿ ಸ್ಥಾಪಿಸಿದ ಮಿರಜದ ಆಸ್ಪತ್ರೆಯವರೆಗೆ ಪ್ರಯಾಣಮಾಡುತ್ತಿದ್ದರು. 1906ರಲ್ಲಿ ಹುಟ್ಟಿದ ಬಸವೇಶ್ವರ ವಿದ್ಯಾವರ್ಧಕ ಸಂಘದ ಶ್ರಮದಿಂದ ಇಂದು ವಿದ್ಯಾಗಿರಿಯಲ್ಲಿ ಔಷಧಶಾಸ್ತ್ರದ ಕಾಲೇಜು ಇದೆ. ಬಾಗಲಕೋಟೆಯ ನವನಗರದಲ್ಲಿ ವೈದ್ಯಕೀಯ ಕಾಲೇಜು, ಆಸ್ಪತ್ರೆ ಮತ್ತು ನರ್ಸಿಂಗ್ ಕಾಲೇಜು ಇವೆ. ಇಲ್ಲಿ ಕಲಿತವರಿಗೆಲ್ಲ ಪದವಿಯನ್ನು ಕೊಡುವದು ಬೆಂಗಳೂರಿನಲ್ಲಿ 1996ರಲ್ಲಿ ಆರಂಭವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು. ವೈದ್ಯೆಯ ಪದವಿಪತ್ರಕ್ಕೂ ದಾದಿಯ ಪದವಿಪತ್ರಕ್ಕೂ ಬೀಳುವ ಮುದ್ರೆಯು ಒಂದೇ. ವಿಶ್ವವಿದ್ಯಾಲಯವು ಮಾಡದ ಭೇದವನ್ನು ನಾವು ಮನೆಯಲ್ಲಿ ಏಕೆ ಮಾಡಬೇಕು?

ವೈದ್ಯಪದವಿಗೆ ನಾಲ್ಕೂವರೆ ವರುಷಗಳ ಅಭ್ಯಾಸವೂ ಆ ಮೇಲೆ ಒಂದು ವರುಷ ಆಸ್ಪತ್ರೆಯ ಕೆಲಸವೂ ಬೇಕು. ಔಷಧಶಾಸ್ತ್ರದ ಪದವಿಗೂ ನರ್ಸಿಂಗ್ ಪದವಿಗೂ ನಾಲ್ಕು ನಾಲ್ಕು ವರುಷಗಳು. ದಾದಿಯಾಗುವವಳು ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಗಳ ಶಾಸ್ತ್ರ, ಔಷಧಗಳ ಗುಣ ಇವೆಲ್ಲವನ್ನೂ ಓದಿ, ರೋಗಿಯ ಮಂಚದ ಬಳಿಯಲ್ಲಿ ಅದನ್ನು ಕೈಯಿಂದ ಮಾಡಿ ಕಲಿಯಬೇಕು. ವೈದ್ಯರು ಬಂದು ನೋಡಿ ಹೋದ ಮೇಲೆ ಉಳಿದ ಹೊತ್ತೆಲ್ಲ ರೋಗಿಯು ಇವಳ ಕಣ್ಣಳತೆಯಲ್ಲಿಯೇ ಇರುವನು. ಹೆರಿಗೆಯಾದ ಮೊದಲ ದಿನ ಬಾಣಂತಿಗೆ ರಕ್ತಸ್ರಾವವು ಹೆಚ್ಚಿತೆಂಬುದನ್ನು ನಡುರಾತ್ರಿಯಲ್ಲಿ ಮೊದಲು ಕಾಣತಕ್ಕವಳು ಇವಳೇ. ಇವಳು ತಡೆದು ನೋಡಿದರೆ ಮನೆಯೇ ಮುಳುಗಬಹುದು. ಇಂಥ ಕೆಲಸವನ್ನು ಕೀಳೆಂದು ಹೇಗೆ ಅನ್ನುವದು?

ಈ ಮಾತನ್ನು ದೊಡ್ಡ ವೈದ್ಯರೇ ಮೊದಲು ಮನಗಂಡರು. ವೆಲ್ಲೂರಿನಲ್ಲಿ ಡಾಕ್ಟರ ಆಯ್ಡಾ ಸ್ಕಡರ್‌ರವರು ದಾದಿಯರ ಶಾಲೆಯನ್ನು ತೆರೆದದ್ದು 1909ರಲ್ಲಿ. ಸ್ತ್ರೀಯರ ವೈದ್ಯಶಾಲೆಯನ್ನು ತೆರೆದದ್ದು 1918ರಲ್ಲಿ. ನುರಿತ ದಾದಿಯರಿಲ್ಲದ ಆಸ್ಪತ್ರೆಯಲ್ಲಿ ಒಬ್ಬ ವೈದ್ಯೆಯ ಕೈ ಎಷ್ಟು ದೂರ ನಿಲುಕೀತು? ಅಲ್ಲಿಯ ಶುಶ್ರೂಷೆಯ ಶಿಕ್ಷಣವು 1946ರಲ್ಲಿ ಮದರಾಸು ವಿಶ್ವವಿದ್ಯಾಲಯದ ಪದವಿಯ ಮಟ್ಟಕ್ಕೇರಿತು.

ನಮ್ಮ ಹುಡುಗಿಯರಲ್ಲಿ ಇನ್ನೊಂದು ಬಂಡವಾಳವಿದೆ. ಅದನ್ನು ಅವರ ತಾಯಿತಂದೆಗಳು ಎಣಿಕೆಗೆ ತರುವದಿಲ್ಲ. ಇಳಕಲ್ಲಿನ ನೇಕಾರರ ಮನೆಯ ಮುದುಕಿಯೊಬ್ಬಳು ಆಸ್ಪತ್ರೆಗೆ ಬಂದು, "ಎದ್ಯಾಗ ಹಿಡಕೊಂಡಂಗ ಆಗತೈತವ್ವಾ, ಕಣ್ಣಿಗೆ ಕತ್ತಲಿ ಬರತೈತಿ" ಅನ್ನುವಳೆಂದು ಎಣಿಸಿರಿ. ಪುಸ್ತಕಗಳು ಇಂಗ್ಲಿಷಿನಲ್ಲಿವೆ; ಜಡ್ಡು ಮಾತಾಡುವದು ಈ ಸೀಮೆಯ ಕನ್ನಡದಲ್ಲಿ. ಹುನಗುಂದ, ಬಾದಾಮಿಗಳ ಮನೆಗಳಲ್ಲಿ ಬೆಳೆದ ಹುಡುಗಿಗೆ ಆ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಕೇಳಿ, ಶಾಸ್ತ್ರದ ಮಾತಿನಲ್ಲಿ ಬರೆದು, ವೈದ್ಯರ ಮುಂದಿಡುವವಳು ಅರ್ಧ ಚಿಕಿತ್ಸೆಯನ್ನು ಮಾಡಿದಂತೆಯೇ.

ವೈದ್ಯೆಯಾಗುವ ಮನಸ್ಸೂ ಶಕ್ತಿಯೂ ಉಳ್ಳವಳು ಅವಶ್ಯವಾಗಿ ವೈದ್ಯೆಯಾಗಲಿ. ಅದಕ್ಕೆ ನಮ್ಮ ಹರಕೆಯುಂಟು. ಆದರೆ ನೀಟ್ ಪರೀಕ್ಷೆಗಾಗಿ ಒಂದು ವರುಷ, ಇನ್ನೊಂದು ವರುಷವೆಂದು ಮಗಳನ್ನು ಕೋಣೆಯಲ್ಲಿ ಕೂಡಿಸಿ, ಕಡೆಗೆ "ಇನ್ನು ಓದು ಸಾಕು, ಮದುವೆ ಮಾಡೋಣ" ಅನ್ನುವ ತಾಯಿತಂದೆಗಳನ್ನು ನಾವು ಕಂಡಿದ್ದೇವೆ. ಅಂಥವಳು ತಾನಾಗಿ ನರ್ಸಿಂಗ್ ಕಲಿಯುವೆನೆಂದಾಗ "ಜನರೇನೆಂದಾರು?" ಎಂಬ ಒಂದೇ ಮಾತಿನಿಂದ ಅವಳ ಬಾಯಿಯನ್ನು ಮುಚ್ಚಿದ್ದನ್ನೂ ಕಂಡಿದ್ದೇವೆ. ಇದು ಪ್ರೀತಿಯಿಂದ ಮಾಡಿದ ಅನ್ಯಾಯವಾದರೂ ಅನ್ಯಾಯವೇ.

ರಾತ್ರಿಯ ಪಾಳಿಯ ಅಂಜಿಕೆಯನ್ನು ನಾವು ಹಗುರಾಗಿ ಕಾಣುವದಿಲ್ಲ. 2024ರ ಆಗಸ್ಟದಲ್ಲಿ ಕೋಲ್ಕತೆಯ ಆಸ್ಪತ್ರೆಯೊಂದರಲ್ಲಿ ಪಾಳಿಯ ಮೇಲಿದ್ದ ತರುಣಿಯೊಬ್ಬಳು ಕೊಲೆಗೀಡಾದಳು, ಅವಳು ವೈದ್ಯೆ. ಎಂದ ಮೇಲೆ ಆ ಭಯವು ದಾದಿಯ ಉದ್ಯೋಗಕ್ಕೆ ಮಾತ್ರ ಅಂಟಿದ್ದೆಂದು ಹೇಳಲಾಗದು. ಭದ್ರವಾದ ವಿಶ್ರಾಂತಿಯ ಕೋಣೆ, ಹೋಗಿಬರಲು ವಾಹನ, ದುಡಿಮೆಗೆ ತಕ್ಕ ಸಂಬಳ ಇವನ್ನು ಒದಗಿಸುವದು ಆಸ್ಪತ್ರೆಗಳನ್ನು ನಡೆಸುವವರ ಕರ್ತವ್ಯವು. ಅವನ್ನು ಗಟ್ಟಿಯಾಗಿ ಕೇಳುವದು ತಾಯಿತಂದೆಗಳ ಹಕ್ಕು. ಮಗಳನ್ನು ಮನೆಯಲ್ಲಿ ಕೂಡಿಸುವದರಿಂದ ಯಾವ ಆಸ್ಪತ್ರೆಯೂ ಸುಧಾರಿಸದು.

ಕಡೆಗೆ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಒಂದು ಬಿನ್ನಹ. ನಿಮ್ಮಲ್ಲಿ ಅನೇಕರು ಈಗ ದಾದಿಯರಾಗಿಯೂ ಔಷಧ ಕೊಡುವವರಾಗಿಯೂ ದುಡಿಯುತ್ತಿದ್ದೀರಿ. ಒಂದು ದಿನ ರಜೆ ಪಡೆದು, ಕೆಲಸದ ಉಡುಪಿನಲ್ಲಿಯೇ ಶಾಲೆಗೆ ಬನ್ನಿರಿ. ಹತ್ತನೆಯ ತರಗತಿಯ ಹುಡುಗಿಯರೆದುರಿಗೂ ಅವರ ತಾಯಂದಿರೆದುರಿಗೂ ನಿಂತು, ನೀವು ಕಲಿತದ್ದನ್ನು, ಪಟ್ಟ ಕಷ್ಟವನ್ನು, ಉಳಿಸಿದ ಜೀವಗಳನ್ನು ಕುರಿತು ಮಾತಾಡಿರಿ. ಈ ನಮ್ಮ ಬರಹಕ್ಕಿಂತ ನಿಮ್ಮ ಆ ಒಂದು ಗಳಿಗೆಯ ಮಾತು ಹೆಚ್ಚು ಕೆಲಸ ಮಾಡುವದೆಂದು ನಂಬಿದ್ದೇವೆ.